ಕರಾರಿನ ರಾಜ್ಯ, ದಾದು–ಫಿರ್ಯಾದಿನ ಹಕ್ಕು

(ಬೀದರ್ ನಗರದಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹ ರೂಪ)



ಸರ್ಕಾರ ಮಾಡಬೇಕಾದ ಕೆಲಸಗಳನ್ನು ಮುಂದಿನ ದಿನಗಳಲ್ಲಿ ಕಂಪನಿಗಳೇ ವಹಿಸಿಕೊಂಡರೆ ಜನರ ಗತಿ ಏನು? ಇಂದಿನ ಉಪನ್ಯಾಸಕ್ಕೆ ನಾನು ಆರಿಸಿಕೊಂಡ ವಿಷಯ ಇದು. ಇಂಥ ಮಾತು ಬಂದಾಗ ಅಮೆರಿಕದ ದೊಡ್ಡ ಕಂಪನಿಗಳ ಹೆಸರು ಹೇಳಿ ಮುಗಿಸುವವರೇ ಹೆಚ್ಚು. ಅಷ್ಟು ದೂರ ಹೋಗುವ ಅಗತ್ಯ ನನಗೆ ಕಾಣಲಿಲ್ಲ. ಈ ಸಭಾಂಗಣದಿಂದ ಹೊರಗೆ ಹೋಗಿ ತಲೆ ಎತ್ತಿದರೆ ಕಾಣುವ ಆಕಾಶದಿಂದಲೇ ಶುರು ಮಾಡುತ್ತೇನೆ.

ಬೀದರಿನಲ್ಲಿ ವಾಯುಪಡೆಯ ತರಬೇತಿ ನೆಲೆಯಿದೆ. ಸೂರ್ಯಕಿರಣ ತಂಡದ ವಿಮಾನಗಳು ನಮ್ಮ ಮನೆಗಳ ಮಾಳಿಗೆಯ ಮೇಲೆ ಗೆರೆ ಎಳೆಯುವುದನ್ನು ನೋಡುತ್ತಲೇ ನಮ್ಮ ಮಕ್ಕಳು ಬೆಳೆದಿದ್ದಾರೆ. ಓಡುದಾರಿ ಮೊದಲೇ ಇತ್ತು. ನಾಗರಿಕ ವಿಮಾನ ಬರಲು ಬೇಕಾಗಿದ್ದದ್ದು ಒಂದು ಟರ್ಮಿನಲ್ ಮಾತ್ರ. ಅದನ್ನೂ ಕಟ್ಟಿದರು. 2009ರ ಹೊತ್ತಿಗೆ ಕಟ್ಟಡ ಸಿದ್ಧವಿತ್ತು. ಆದರೆ ಹತ್ತು ವರ್ಷ ಅದರ ಬಾಗಿಲು ತೆರೆಯಲಿಲ್ಲ.

ಕಾರಣ ಒಂದು ಕಾಗದ. 2004ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಜಿಎಂಆರ್ ಸಮೂಹದ ಹೈದರಾಬಾದ್ ವಿಮಾನ ನಿಲ್ದಾಣ ಕಂಪನಿಯೊಂದಿಗೆ ಕರಾರು ಮಾಡಿಕೊಂಡಿತು. ಶಂಷಾಬಾದಿನಲ್ಲಿ ಹೊಸ ನಿಲ್ದಾಣ ಕಟ್ಟಲು ಹಣ ಹಾಕುವವರಿಗೆ ಪೈಪೋಟಿಯ ಭಯ ಇರಬಾರದೆಂದು ಅದರಲ್ಲಿ ಒಂದು ಕಲಂ ಸೇರಿಸಿದರು: ಆ ನಿಲ್ದಾಣ ತೆರೆದ ದಿನದಿಂದ 25 ವರ್ಷದವರೆಗೆ, ವಾಯುಮಾರ್ಗದಲ್ಲಿ 150 ಕಿಲೋಮೀಟರ್ ಒಳಗೆ ಇನ್ನೊಂದು ನಿಲ್ದಾಣಕ್ಕೆ ಅವಕಾಶ ಕೊಡಕೂಡದು. ಶಂಷಾಬಾದ್ ನಿಲ್ದಾಣ 2008ರ ಮಾರ್ಚಿನಲ್ಲಿ ತೆರೆಯಿತು. ಭೂಪಟದ ಮೇಲೆ ಅಲ್ಲಿಂದ 150 ಕಿಲೋಮೀಟರಿನ ವೃತ್ತ ಎಳೆದರೆ ಬೀದರ್ ಅದರ ಒಳಗೆ ಬೀಳುತ್ತದೆ.

ಆ ಕರಾರಿಗೆ ಸಹಿ ಹಾಕಿದವರಲ್ಲಿ ಬೀದರಿನವರು ಒಬ್ಬರೂ ಇರಲಿಲ್ಲ. ನಮ್ಮ ಜಿಲ್ಲಾ ಪಂಚಾಯಿತಿಯಲ್ಲಿ ಆ ಕಲಂ ಚರ್ಚೆಯಾಗಿರಲಿಲ್ಲ, ನಗರಸಭೆಯಲ್ಲಿ ಓದಿರಲಿಲ್ಲ. ನಾವು ಆರಿಸಿ ಕಳುಹಿಸಿದ ಸಂಸದರು, ಶಾಸಕರು ದೆಹಲಿಗೂ ಬೆಂಗಳೂರಿಗೂ ಮನವಿ ಕೊಟ್ಟರು. ವ್ಯಾಪಾರಸ್ಥರು ಕೊಟ್ಟರು, ಕನ್ನಡ ಸಂಘಟನೆಗಳವರು ಕೊಟ್ಟರು. ಮನವಿ ತೆಗೆದುಕೊಂಡ ಸರ್ಕಾರಕ್ಕೆ ಮಾತ್ರ ಒಪ್ಪುವ ಅಧಿಕಾರ ಇರಲಿಲ್ಲ. ಒಪ್ಪಬೇಕಾದದ್ದು ಕಂಪನಿ. ಕೊನೆಗೆ 2019ರಲ್ಲಿ ಕಂಪನಿ ಒಪ್ಪಿತು. ಬೀದರ್ ಟರ್ಮಿನಲ್ ನಡೆಸುವ ಹೊಣೆಯೂ ಅದೇ ಸಮೂಹಕ್ಕೆ ಹೋಯಿತು. 2020ರ ಫೆಬ್ರುವರಿ 7ರಂದು ಬೆಂಗಳೂರಿನಿಂದ ಮೊದಲ ವಿಮಾನ ಇಳಿಯಿತು. ಆಮೇಲೆ ವಿಮಾನ ಓಡಿಸುವ ಕಂಪನಿ ಬದಲಾಯಿತು, ಸಂಚಾರ ನಿಂತಿತು, 2025ರಲ್ಲಿ ಮತ್ತೆ ಶುರುವಾಯಿತು. ನಿಂತಾಗಲೆಲ್ಲ ನಾವು ಮತ್ತೆ ಮನವಿ ಬರೆದೆವು.

ಜಿಎಂಆರ್ ಕಂಪನಿ ಇಲ್ಲಿ ಕಾನೂನು ಮೀರಿ ಏನನ್ನೂ ಮಾಡಿಲ್ಲ ಎಂಬುದನ್ನು ಸ್ಪಷ್ಟವಾಗಿ ಹೇಳಬೇಕು. ತನ್ನ ಬಂಡವಾಳಕ್ಕೆ ರಕ್ಷಣೆ ಕೇಳುವುದು ಕಂಪನಿಯ ಧರ್ಮ. ಕೇಳಿತು, ಪಡೆಯಿತು. ಹೀಗೇ ಇನ್ನೊಂದು ಕರಾರಿನ ಪ್ರಕಾರ ಬೆಂಗಳೂರಿನಲ್ಲಿ ದೇವನಹಳ್ಳಿ ನಿಲ್ದಾಣ ತೆರೆದ 2008ರ ಮೇ ತಿಂಗಳಲ್ಲಿ ಎಚ್‌ಎಎಲ್ ನಿಲ್ದಾಣ ನಾಗರಿಕ ಸಂಚಾರಕ್ಕೆ ಮುಚ್ಚಿತು. ನನ್ನ ತಕರಾರು ಬೇರೆ. ಒಂದು ಊರಿಗೆ ದಾರಿ ಬೇಕೋ ಬೇಡವೋ ಎಂದು ತೀರ್ಮಾನಿಸುವುದು ರಾಜ್ಯದ ಕೆಲಸ. ಆ ಕೆಲಸವನ್ನು 25 ವರ್ಷದ ಮಟ್ಟಿಗೆ ಬೇರೆಯವರ ಕೈಗೆ ಬರೆದುಕೊಟ್ಟದ್ದು ಒಂದು ರಾಜ್ಯಾಂಗದ ಬದಲಾವಣೆ. ಅದು ಸಂಸತ್ತಿನಲ್ಲಿ ನಡೆಯಲಿಲ್ಲ, ಒಂದು ಕಲಮಿನಲ್ಲಿ ನಡೆಯಿತು. ಕಂಪನಿ ಆಳುವ ನಾಳೆ ಎಂದು ನಾವು ಕಲ್ಪಿಸಿಕೊಳ್ಳುವುದು ಬಾವುಟ ಹಿಡಿದು, ಸೈನ್ಯ ಕಟ್ಟಿಕೊಂಡು ಬರುವುದಿಲ್ಲ. ಅದು ಕರಾರಿನ ರೂಪದಲ್ಲಿ ಬರುತ್ತದೆ.

ಈ ನೆಲಕ್ಕೆ ಇದು ಹೊಸದೂ ಅಲ್ಲ. ಹೈದರಾಬಾದ್ ಸಂಸ್ಥಾನದ ಇತಿಹಾಸ ಓದಿದವರಿಗೆ ಪಾಮರ್ ಕಂಪನಿಯ ಕತೆ ಗೊತ್ತಿರುತ್ತದೆ. ನಮ್ಮ ಪಠ್ಯಪುಸ್ತಕಗಳಲ್ಲಿ ಅದಕ್ಕೆ ಜಾಗ ಸಿಕ್ಕಿಲ್ಲವಾದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ವಿಲಿಯಂ ಪಾಮರ್ ಎಂಬಾತ 1814ರ ಸುಮಾರಿಗೆ ಹೈದರಾಬಾದಿನಲ್ಲಿ ಲೇವಾದೇವಿ ಕಂಪನಿ ತೆರೆದ. ತಂದೆ ಇಂಗ್ಲಿಷ್ ಸೇನಾಧಿಕಾರಿ, ತಾಯಿ ಮೊಗಲ್ ಮನೆತನದ ಹೆಣ್ಣುಮಗಳು. ಯುರೋಪಿನವರು ದೇಶಿ ರಾಜರಿಗೆ ಸಾಲ ಕೊಡಕೂಡದೆಂಬ ಕಾನೂನು ಆಗ ಇತ್ತು. 1816ರಲ್ಲಿ ಗವರ್ನರ್ ಜನರಲ್ ಹೇಸ್ಟಿಂಗ್ಸ್ ಈ ಕಂಪನಿಗೆ ಅದರಿಂದ ವಿನಾಯಿತಿ ಕೊಟ್ಟ. ನಿಜಾಮರ ಕಡೆಯಿಂದ ಆಡಳಿತ ನಡೆಸುತ್ತಿದ್ದ ರಾಜಾ ಚಂದೂಲಾಲ್ ಸೈನ್ಯದ ಪಗಾರಕ್ಕೆಂದು ಸಾಲದ ಮೇಲೆ ಸಾಲ ಎತ್ತಿದರು. 1820ರಲ್ಲಿ ಒಂದೇ ಸಲ 60 ಲಕ್ಷ ರೂಪಾಯಿ. ಸಾಲದ ಅಡವು ಏನು? ಪರಗಣೆಗಳ ಕಂದಾಯ. ರೈತ ತಾನು ಕೊಡುತ್ತಿರುವುದು ಸರ್ಕಾರದ ಪಟ್ಟಿ ಎಂದುಕೊಂಡಿದ್ದ. ಅದು ಹೋಗುತ್ತಿದ್ದದ್ದು ಸಾಹುಕಾರರ ಕಿರ್ದಿಗೆ.

ಹೈದರಾಬಾದಿನಲ್ಲಿ ಇಂಗ್ಲಿಷರ ಪ್ರತಿನಿಧಿ, ಅಂದರೆ ರೆಸಿಡೆಂಟ್, ಆಗಿದ್ದ ಚಾರ್ಲ್ಸ್ ಮೆಟ್‌ಕಾಫ್ ಇದನ್ನು ಬಯಲಿಗೆಳೆದ. ಆ ಸಾಲ ತೀರಿಸುವುದಕ್ಕೆ ನಿಜಾಮ ಸರ್ಕಾರ 1823ರಲ್ಲಿ ಉತ್ತರ ಸರ್ಕಾರ ಪ್ರಾಂತ್ಯಕ್ಕಾಗಿ ಇಂಗ್ಲಿಷರಿಂದ ಬರುತ್ತಿದ್ದ ವರ್ಷಕ್ಕೆ 7 ಲಕ್ಷದ ಪೇಶ್‌ಕಶ್ ಎಂಬ ಕಪ್ಪದ ಹಕ್ಕನ್ನು ಶಾಶ್ವತವಾಗಿ ಮಾರಿತು. ಪಾಮರ್ ಕಂಪನಿ ಮುಳುಗಿತು, ಆದರೆ ಸಾಲದ ಚಾಳಿ ಹೋಗಲಿಲ್ಲ. ಮೂವತ್ತು ವರ್ಷದ ಬಳಿಕ, 1853ರ ಮೇ ತಿಂಗಳಲ್ಲಿ, ಇಂಗ್ಲಿಷ್ ಅಧಿಕಾರಿಗಳ ಕೈಕೆಳಗಿದ್ದ ಕಂಟಿಂಜೆಂಟ್ ಎಂಬ ಸೈನ್ಯದ ಖರ್ಚಿನ ಬಾಕಿಗಾಗಿ ನಿಜಾಮರು ಬೇರಾರ, ಧಾರಾಶಿವ ಮತ್ತು ರಾಯಚೂರು ದೋಆಬನ್ನು ಈಸ್ಟ್ ಇಂಡಿಯಾ ಕಂಪನಿಗೆ ಒಪ್ಪಿಸಿಕೊಟ್ಟರು. 1600ರ ಕೊನೆಯ ದಿನ ಲಂಡನ್ನಿನಲ್ಲಿ ಮೆಣಸು, ಲವಂಗದ ವ್ಯಾಪಾರಕ್ಕೆಂದು ಹುಟ್ಟಿದ ಕಂಪನಿ ಅದು. 1765ರಲ್ಲಿ ಬಂಗಾಳದ ದಿವಾನಿ ಪಡೆದು ಕಂದಾಯ ಎತ್ತಲು ಶುರು ಮಾಡಿತ್ತು. ಕೃಷ್ಣಾ–ತುಂಗಭದ್ರೆಗಳ ನಡುವಿನ ಕನ್ನಡ ರೈತ ಯುದ್ಧದಲ್ಲಿ ಸೋತು ಅದರ ಕೈಗೆ ಹೋಗಲಿಲ್ಲ, ಬಾಕಿಯ ಲೆಕ್ಕದಲ್ಲಿ ಹೋದ. ದೋಆಬು 1860ರಲ್ಲಿ ನಿಜಾಮರಿಗೆ ವಾಪಸಾಯಿತು. ಬೇರಾರ ವಾಪಸಾಗಲಿಲ್ಲ.

ಅದೇ 1853ರಲ್ಲಿ ದಿವಾನರಾದ ಒಂದನೆಯ ಸಾಲಾರ್ ಜಂಗ್ ಮೊದಲು ಕೈ ಹಾಕಿದ್ದು ಗುತ್ತಿಗೆಯ ಪದ್ಧತಿಗೆ. ಅಲ್ಲಿಯವರೆಗೆ ಕಂದಾಯ ವಸೂಲಿಯನ್ನು ಹೆಚ್ಚು ಕೂಗಿದವನಿಗೆ ಗುತ್ತೆ ಕೊಡುತ್ತಿದ್ದರು. ಗುತ್ತೆದಾರ ಕೂಗಿದ್ದಕ್ಕಿಂತ ಮೇಲೆ ಎಷ್ಟು ಎತ್ತಿದರೂ ಅದು ಅವನದೇ. ನಮ್ಮ ಭಾಗದಲ್ಲಿ ಗುತ್ತೇದಾರ ಎಂಬುದು ಇಂದಿಗೂ ಮನೆತನದ ಹೆಸರಾಗಿ ಉಳಿದಿದೆ. ಸಾಲಾರ್ ಜಂಗ್ ಗುತ್ತೆದಾರರನ್ನು ತೆಗೆದು ಪಗಾರದ ತಾಲ್ಲೂಕುದಾರರನ್ನು ನೇಮಿಸಿದರು. 1865ರಲ್ಲಿ ಜಿಲ್ಲಾಬಂದಿ ಮಾಡಿ, ಜಿಲ್ಲೆ, ತಾಲ್ಲೂಕು ಎಂಬ ಮೆಟ್ಟಿಲು ಕಟ್ಟಿದರು. ಪಗಾರದ ಅಧಿಕಾರಿ ಪ್ರಾಮಾಣಿಕನಾಗಿರುತ್ತಾನೆಂದು ಅವರು ನಂಬಿದ್ದರೋ ಇಲ್ಲವೋ, ಅವನ ಮೇಲೆ ಇನ್ನೊಬ್ಬನಿದ್ದಾನೆ, ಅವನಿಗೆ ಅರ್ಜಿ ಕೊಡಬಹುದು ಎಂಬ ಧೈರ್ಯವಂತೂ ರೈತನಿಗೆ ಬಂತು.

ನಮ್ಮ ಮುತ್ಯಾ ಊರುಗಳನ್ನು ಎರಡು ಬಗೆಯಾಗಿ ಎಣಿಸುತ್ತಿದ್ದ: ದಿವಾನಿ ಊರು, ಜಾಗೀರಿ ಊರು. ದಿವಾನಿ ಊರೆಂದರೆ ನೇರ ಸರ್ಕಾರದ್ದು. ಜಾಗೀರಿ ಊರಿನಲ್ಲಿ ಕಂದಾಯ ಜಾಗೀರುದಾರನದು. ದೊಡ್ಡ ಜಾಗೀರುಗಳಿಗೆ, ಪಾಯಗಾ ಎಂಬ ಅಮೀರ ಮನೆತನಗಳ ಜಾಗೀರುಗಳಿಗೆ ಸ್ವಂತ ಪೊಲೀಸು, ಸ್ವಂತ ಕೋರ್ಟು. ಮುತ್ಯಾ ಹೇಳುತ್ತಿದ್ದದ್ದಿಷ್ಟೆ: ದಿವಾನಿ ಊರಿನಲ್ಲಿಯೂ ಹೊಡೆಯುತ್ತಿದ್ದರು, ಆದರೆ ಹೊಡೆಸಿಕೊಂಡವನಿಗೆ ಹೋಗಿ ಹೇಳಲು ಒಂದು ಜಾಗ ಇತ್ತು, ಜಾಗೀರಿನಲ್ಲಿ ಹೊಡೆದವನೇ ದಾದು ಕೊಡುವವನು. ಹೈದರಾಬಾದನ್ನು ಭಾರತಕ್ಕೆ ಸೇರಿಸಿದ ಪೊಲೀಸ್ ಕಾರ್ಯಾಚರಣೆಯ ಮರುವರ್ಷ, 1949ರ ಆಗಸ್ಟಿನಲ್ಲಿ, ಜಾಗೀರು ರದ್ದಾಯಿತು. ಆ ಸುದ್ದಿ ಕೇಳಿದ ದಿನವನ್ನು ಮುತ್ಯಾ ಸಾಯುವವರೆಗೂ ನೆನೆಯುತ್ತಿದ್ದ.

ದಾದು–ಫಿರ್ಯಾದು ಎಂಬ ಜೋಡಿಮಾತು ಆ ಕಾಲದಿಂದ ನಮ್ಮ ಬಾಯಲ್ಲಿ ನಿಂತಿದೆ. ಫಿರ್ಯಾದು ಅಂದರೆ ನೊಂದವನ ಕೂಗು, ದಾದು ಅಂದರೆ ಅದಕ್ಕೆ ಸಿಗುವ ನ್ಯಾಯ. ಇಂದಿನ ನನ್ನ ಮಾತೆಲ್ಲ ಈ ಎರಡು ಪದಗಳ ಸುತ್ತಲೇ ಇದೆ. ಸೇವೆ ಯಾರು ಚೆನ್ನಾಗಿ ಕೊಡುತ್ತಾರೆ, ಕಂಪನಿಯೋ ಸರ್ಕಾರವೋ ಎಂಬ ವಾದ ನನಗೆ ಎರಡನೆಯದು. ಸೇವೆ ಕೆಟ್ಟಾಗ ನಾನು ಯಾರ ಮುಂದೆ ನಿಲ್ಲಬೇಕು, ಅವರು ನನ್ನ ಮಾತು ಕೇಳಲೇಬೇಕೆಂದು ಕಟ್ಟಳೆ ಇದೆಯೆ? ಅದು ಮೊದಲನೆಯದು.

ಈಗ ಹೊಲಕ್ಕೆ ಬರೋಣ.

ನಿಜಾಮರ ಕಾಲದಲ್ಲಿ ಬೆಳೆ ಹೋದರೆ ಆಣೆವಾರಿ ನೋಡುತ್ತಿದ್ದರು. ಹದಿನಾರಾಣೆ ಬೆಳೆ ಎಂದರೆ ತುಂಬು ಬೆಳೆ. ಎಷ್ಟಾಣೆ ಬಂದಿದೆ ಎಂದು ಮಾಲಿಪಾಟೀಲ, ಪಟವಾರಿ ಬರೆದ ಲೆಕ್ಕದ ಮೇಲೆ ಕಂದಾಯದಲ್ಲಿ ಮಾಫಿ. ಅದರಲ್ಲಿ ಲಂಚ ಇತ್ತು, ಜಾತಿ ಇತ್ತು, ಹಗೆ ಇತ್ತು. ಆದರೂ ಬರೆದವನು ಊರಲ್ಲೇ ಇದ್ದ. 2016ರ ಮುಂಗಾರಿನಿಂದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆ ಬಂತು. ನಮ್ಮ ಬೀದರ್ ಜಿಲ್ಲೆಯ ರೈತರು ಮೊದಲ ವರ್ಷದಿಂದಲೇ ಬಹಳ ದೊಡ್ಡ ಸಂಖ್ಯೆಯಲ್ಲಿ ಸೇರಿದರು. ಮುಂಗಾರು ಬೆಳೆಗೆ ವಿಮಾ ಮೊತ್ತದ ಶೇ 2, ಹಿಂಗಾರಿಗೆ ಶೇ 1.5 ರೈತನ ಪಾಲು. ಉಳಿದ ಕಂತನ್ನು ಕೇಂದ್ರ, ರಾಜ್ಯ ಸರ್ಕಾರಗಳು ತುಂಬುತ್ತವೆ. ಜಿಲ್ಲೆಗಳನ್ನು ಗುಂಪು ಮಾಡಿ ಟೆಂಡರು ಕರೆಯುತ್ತಾರೆ, ಕಡಿಮೆ ದರ ಕೂಗಿದ ವಿಮಾ ಕಂಪನಿಗೆ ಜಿಲ್ಲೆ ಸಿಗುತ್ತದೆ. ಆಗಿನ ಗುತ್ತೆ ಹೆಚ್ಚು ಕೂಗಿದವನಿಗೆ, ಈಗಿನದು ಕಡಿಮೆ ಕೂಗಿದವನಿಗೆ.

ಯೋಜನೆಯಿಂದ ಉಪಕಾರವಾಗಿಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಔರಾದ್ ತಾಲ್ಲೂಕಿನಲ್ಲಿ ವಿಮೆಯ ಹಣದಿಂದಲೇ ಮರುವರ್ಷದ ಬೀಜ ಕೊಂಡ ಮನೆಗಳು ನನಗೆ ಗೊತ್ತು. ಆದರೆ ಅದು ನಡೆಯುವ ರೀತಿ ನೋಡಿ. ಪರಿಹಾರ ಲೆಕ್ಕವಾಗುವುದು ನಿಮ್ಮ ಹೊಲದ ಮೇಲಲ್ಲ. ಮುಖ್ಯ ಬೆಳೆಗೆ ಗ್ರಾಮ ಪಂಚಾಯಿತಿ, ಉಳಿದ ಬೆಳೆಗೆ ಹೋಬಳಿ ಒಂದು ಘಟಕ. ಹಿಂದಿನ 7 ವರ್ಷಗಳಲ್ಲಿ ಚೆನ್ನಾಗಿದ್ದ 5 ವರ್ಷದ ಸರಾಸರಿಯಿಂದ ಒಂದು ಗಡಿ ಹಾಕುತ್ತಾರೆ. ಈ ವರ್ಷ ಪಂಚಾಯಿತಿಯಲ್ಲಿ ಆರಿಸಿದ ಕೆಲವೇ ಸರ್ವೆ ನಂಬರುಗಳಲ್ಲಿ, ಹೆಚ್ಚಿನ ಬೆಳೆಗಳಿಗೆ 5 ಮೀಟರ್ ಉದ್ದ 5 ಮೀಟರ್ ಅಗಲದ ತುಂಡಿನಲ್ಲಿ, ಬೆಳೆ ಕೊಯ್ದು ತೂಗುತ್ತಾರೆ. ಆ ಇಳುವರಿ ಗಡಿಗಿಂತ ಕೆಳಗೆ ಬಂದರೆ ಪಂಚಾಯಿತಿಗೆಲ್ಲ ಪರಿಹಾರ, ಮೇಲೆ ಹೋದರೆ ಯಾರಿಗೂ ಇಲ್ಲ. ನಿಮ್ಮೊಬ್ಬರ ಹೊಲ ನೆರೆಯಲ್ಲಿ ಮುಳುಗಿದರೆ, ಆಲಿಕಲ್ಲು ಬಿದ್ದರೆ, ಬೇರೆ ದಾರಿ ಇದೆ: 72 ತಾಸಿನೊಳಗೆ ತಿಳಿಸಬೇಕು.

ನಮ್ಮ ಮನೆಯಲ್ಲಿ ಆದದ್ದನ್ನು ಹೇಳುತ್ತೇನೆ. ನನ್ನ ತಮ್ಮ ಊರಲ್ಲಿ ಒಕ್ಕಲುತನ ಮಾಡುತ್ತಾನೆ. ಒಂದು ಸೆಪ್ಟೆಂಬರಿನಲ್ಲಿ ಮಾಂಜ್ರಾ ನದಿ ತುಂಬಿ, ಹಳ್ಳ ಹಿಮ್ಮುಖವಾಗಿ ಬಂದು, ಕಾಯಿ ಕಟ್ಟಿದ್ದ ಸೋಯಾ ಎರಡು ದಿನ ನೀರಲ್ಲಿ ನಿಂತಿತು. ಊರಲ್ಲಿ ಲೈಟು ಹೋಗಿತ್ತು, ಟವರ್ ಬಂದಾಗಿತ್ತು. ಮೂರನೇ ದಿನ ಫೋನು ಹತ್ತಿದರೆ ಒತ್ತಿದ ನಂಬರಿಗೆ ಮನುಷ್ಯರ ದನಿ ಬರಲಿಲ್ಲ. ನಾಲ್ಕನೇ ದಿನ ಬಂತು, ಅವಧಿ ಮುಗಿದಿದೆ ಎಂದಿತು. ತಾಲ್ಲೂಕಿನ ಒಂದು ಕಚೇರಿಗೆ ಹೋದ. ಅವರು, ಇದು ಕಂಪನಿಯ ಕೆಲಸ ಅಂದರು. ಕಂಪನಿಯ ಹುಡುಗನನ್ನು ಹುಡುಕಿ ಹೋದ. ಅವನು ಆ ಸೀಸನ್ನಿಗಷ್ಟೇ ಕೆಲಸಕ್ಕೆ ಬಂದ ಬೇರೆ ಜಿಲ್ಲೆಯವನು, ಒಳ್ಳೆಯ ಹುಡುಗ. ನಿಯಮ ಸರ್ಕಾರದ್ದು ಕಾಕಾ, ನಾನೇನು ಮಾಡಲಿ ಅಂದ. ಇಬ್ಬರೂ ನಿಜವನ್ನೇ ಹೇಳಿದ್ದರು. ತಮ್ಮ ಮನೆಗೆ ಬಂದು ನನ್ನನ್ನು ಕೇಳಿದ ಮಾತು ಇನ್ನೂ ಕಿವಿಯಲ್ಲಿದೆ: ಅಣ್ಣಾ, ಹಂಗಾದ್ರ ನಾ ಯಾರಿಗಿ ಬೈಬೇಕು?

ನಾನು ಓದಿದ ರಾಜ್ಯಶಾಸ್ತ್ರದಲ್ಲಿ ಇದಕ್ಕಿಂತ ದೊಡ್ಡ ಪ್ರಶ್ನೆಯಿಲ್ಲ. ಬೈಯಲು ಯಾರೋ ಒಬ್ಬರು ಇರುವುದು, ಐದು ವರ್ಷಕ್ಕೊಮ್ಮೆ ಅವರನ್ನು ಇಳಿಸುವ ಅಧಿಕಾರ ಇರುವುದು, ಇದೇ ಪ್ರಜಾಪ್ರಭುತ್ವ. ಕರಾರಿನ ಆಡಳಿತದಲ್ಲಿ ಹೊಣೆ ಇಬ್ಬರ ನಡುವೆ ಬೀಳುತ್ತದೆ, ನೆಲಕ್ಕೆ ಬಿದ್ದದ್ದನ್ನು ಯಾರೂ ಎತ್ತುವುದಿಲ್ಲ. ಮಾಹಿತಿ ಹಕ್ಕಿನ ಅರ್ಜಿ ತಹಶೀಲ್ದಾರರಿಗೆ ಹಾಕಬಹುದು. ಖಾಸಗಿ ಕಂಪನಿಗೆ ನೇರವಾಗಿ ಹಾಕಲು ಬರುವುದಿಲ್ಲ.

ಸರ್ಕಾರ ಮಾಡದ ಕೆಲಸವನ್ನು ಬೇರೆಯವರು ಮಾಡಬಾರದು ಎಂದು ನಾನು ಹೇಳುತ್ತಿಲ್ಲ. ಭಾಲ್ಕಿಯಲ್ಲಿ ನಿಂತು ಯಾರೂ ಹಾಗೆ ಹೇಳಲಾರರು. ನಿಜಾಮರ ಕಾಲದಲ್ಲಿ ಶಾಲೆ ಎಂದರೆ ಉರ್ದು ಶಾಲೆ. ಕನ್ನಡ ಕಲಿಸುವುದು ತನ್ನ ಕೆಲಸ ಎಂದು ಆ ಸರ್ಕಾರಕ್ಕೆ ಅನ್ನಿಸಿರಲಿಲ್ಲ. ಭಾಲ್ಕಿ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದರು. ಆ ಶಾಲೆಗಳಿಂದ ಬಂದ ಅಕ್ಷರವೇ ಇಂದು ಈ ಭಾಗದ ಕನ್ನಡ. ಅಲ್ಲಿ ಕಲಿಸುವವರು ಭಕ್ತರ ಕಾಣಿಕೆಯ ಮೇಲೆ ನಿಂತವರು. ಮಗ ಕಲಿಯದಿದ್ದರೆ ಅಪ್ಪ ನೇರ ಮಠದ ಅಂಗಳಕ್ಕೆ ಬಂದು ಕೇಳಬಹುದಿತ್ತು. ಪಟ್ಟದ್ದೇವರು ಅಲ್ಲೇ ಇರುತ್ತಿದ್ದರು.

ಇನ್ನೂ ಹಿಂದಕ್ಕೆ ಹೋದರೆ ಬೀದರನ್ನು ಆಳಿದವರಲ್ಲೇ ಒಬ್ಬ ವ್ಯಾಪಾರಿ ಇದ್ದಾನೆ. ಮಹಮೂದ್ ಗವಾನ್ ಪರ್ಷಿಯಾದ ಗೀಲಾನಿನಿಂದ ಸರಕು ತಂದವನು. ಮಲಿಕ್–ಉತ್–ತುಜ್ಜಾರ್, ವ್ಯಾಪಾರಿಗಳ ಒಡೆಯ, ಎಂಬುದು ಅವನ ಬಿರುದು. ಬಹಮನಿ ರಾಜ್ಯದ ಪ್ರಧಾನಿಯಾದ ಮೇಲೆ ಅವನು ಮಾಡಿದ್ದೇನು? ತರಫು ಎಂಬ ನಾಲ್ಕು ಪ್ರಾಂತ್ಯಗಳನ್ನು ಎಂಟು ಮಾಡಿದ. ಒಬ್ಬ ತರಫದಾರನ ಕೈಯಲ್ಲಿ ಒಂದೇ ಕೋಟೆ ಉಳಿಸಿ ಮಿಕ್ಕವನ್ನು ರಾಜ್ಯದ ವಶಕ್ಕೆ ತಂದ. ಭೂಮಿ ಅಳೆಸಿದ. 1472ರಲ್ಲಿ ಕಟ್ಟಿಸಿದ ಮದರಸಾ ಇಲ್ಲಿಂದ ನಡೆದು ಹೋಗುವ ದೂರದಲ್ಲಿದೆ. ವ್ಯಾಪಾರಿ ರಾಜ್ಯದೊಳಗೆ ಬಂದು, ಹಂಚಿಹೋಗಿದ್ದ ಅಧಿಕಾರವನ್ನು ರಾಜ್ಯಕ್ಕೇ ಮರಳಿಸಿದ. ಅದಕ್ಕಾಗಿ ಶತ್ರುಗಳಾದವರು 1481ರಲ್ಲಿ ಅವನ ತಲೆ ತೆಗೆಸಿದರು. ಆಮೇಲೆ ಬಹಮನಿ ರಾಜ್ಯ ಹೆಚ್ಚು ಕಾಲ ಒಂದಾಗಿ ಉಳಿಯಲಿಲ್ಲ.

ಮುಂದೆ ಬರಲಿರುವುದು ಏನು? ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿಯಲ್ಲಿ 2013ರಿಂದ ಕೈಗಾರಿಕಾ ನಗರ ಪ್ರಾಧಿಕಾರ ಇದೆ. ಸಂವಿಧಾನದ 243ಕ್ಯೂ ವಿಧಿಯಲ್ಲಿ ಒಂದು ವಿನಾಯಿತಿ ಇದೆ: ಉದ್ದಿಮೆ ತಾನೇ ಪೌರ ಸೇವೆ ಕೊಡುವ ಜಾಗದಲ್ಲಿ ನಗರಸಭೆ ಬೇಡವೆನ್ನಬಹುದು. ಅಲ್ಲಿ ಆಸ್ತಿ ತೆರಿಗೆ, ರಸ್ತೆ, ಕಸ ಎಲ್ಲವನ್ನೂ ಉದ್ಯಮಗಳ ಪ್ರತಿನಿಧಿಗಳಿರುವ ಪ್ರಾಧಿಕಾರ ನೋಡುತ್ತದೆ. ರಸ್ತೆ ಚೆನ್ನಾಗಿದೆ, ನಾನು ನೋಡಿದ್ದೇನೆ. ಜಮ್ಶೆಡ್‌ಪುರ ನೂರು ವರ್ಷದಿಂದ ಟಾಟಾ ಕಂಪನಿಯ ನೆರಳಲ್ಲೇ ಬೆಳೆದ ಊರು. ನಮಗೂ ಮತ ಹಾಕುವ ನಗರಪಾಲಿಕೆ ಬೇಕು ಎಂದು ಅಲ್ಲಿನ ನಾಗರಿಕರು ಸುಪ್ರೀಂ ಕೋರ್ಟಿನವರೆಗೆ ಹೋಗಿದ್ದಾರೆ. ಸೇವೆ ಕೆಟ್ಟಿದೆ ಎಂದು ಅವರು ಹೋಗಿದ್ದಲ್ಲ.

ಕರಾರಿನಿಂದ ಹಿಂದೆ ಸರಿಯುವುದು ಎಷ್ಟು ಕಷ್ಟ ಎಂಬುದಕ್ಕೆ ಹೊಂಡುರಾಸ್ ದೇಶವನ್ನು ನೋಡಬೇಕು. 2013ರಲ್ಲಿ ಅಲ್ಲಿ ವಿಶೇಷ ವಲಯದ ಕಾನೂನು ಮಾಡಿ, ಕಂಪನಿಗಳಿಗೆ ತಮ್ಮದೇ ನಿಯಮ, ತಮ್ಮದೇ ನ್ಯಾಯ ವ್ಯವಸ್ಥೆಯ ಊರು ಕಟ್ಟಲು ಬಿಟ್ಟರು. ರೊವಾತಾನ್ ದ್ವೀಪದಲ್ಲಿ ಪ್ರೊಸ್ಪೆರಾ ಎಂಬ ಊರು ಎದ್ದಿತು. 2022ರಲ್ಲಿ ಹೊಸ ಸರ್ಕಾರ ಕಾನೂನನ್ನು ರದ್ದು ಮಾಡಿದಾಗ, ಕಂಪನಿ ಸಾವಿರ ಕೋಟಿ ಡಾಲರಿಗೂ ಮಿಕ್ಕಿದ ಪರಿಹಾರ ಕೇಳಿ ಅಂತರರಾಷ್ಟ್ರೀಯ ಮಧ್ಯಸ್ಥಿಕೆ ನ್ಯಾಯಮಂಡಳಿಗೆ ಹೋಯಿತು. ಒಂದು ಚುನಾವಣೆಯಲ್ಲಿ ಜನ ಮನಸ್ಸು ಬದಲಿಸಿದ್ದಕ್ಕೆ ಕೇಳಿದ ಬೆಲೆ ಅದು.

ಹಾಗಾದರೆ ಕಂಪನಿ ಎಂಬ ಪದವೇ ಬೇಡವೆ? ನಮ್ಮ ಮನೆಯ ಲೈಟ್ ಬಿಲ್ ಕೊಡುವ ಜೆಸ್ಕಾಂ ಕೂಡ ಕಂಪನಿಯೇ, ಸರ್ಕಾರದ ಒಡೆತನದ್ದು. ಆದರೆ ಅದು ದರ ಏರಿಸಬೇಕೆಂದರೆ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ ಮುಂದೆ ಲೆಕ್ಕ ಇಡಬೇಕು. ಜನರ ಆಕ್ಷೇಪಣೆ ಕೇಳಬೇಕು. ಅದಕ್ಕೆ ಸಾರ್ವಜನಿಕ ವಿಚಾರಣೆ ನಡೆಯುತ್ತದೆ. ಪಂಪ್‌ಸೆಟ್ ಇರುವ ರೈತನೂ ಅಲ್ಲಿ ಎದ್ದು ನಿಂತು ಮಾತಾಡಬಹುದು, ಆಯೋಗ ಅವನ ಮಾತನ್ನು ಪರಿಗಣಿಸಿಯೇ ಆದೇಶ ಮಾಡಬೇಕು. 2003ರ ಕಾಯ್ದೆಯಿಂದ ಬಂದ ಹಕ್ಕು ಇದು. ನಮ್ಮ ಜಿಲ್ಲೆಯಿಂದ ಬಹಳ ಜನ ಇದನ್ನು ಬಳಸುತ್ತಿಲ್ಲವೆಂಬುದು ನನ್ನ ದುಃಖ. ವಿದ್ಯುತ್ತಿಗೆ ಇರುವ ಈ ಕಟ್ಟಳೆ ವಿಮೆಗೆ ಏಕಿಲ್ಲ? ವಿಮಾನ ನಿಲ್ದಾಣದ ಕರಾರಿಗೆ ಏಕಿಲ್ಲ? ನಾಳೆ ನಮ್ಮ ಕಾರಂಜಾ ನೀರಿಗೂ ಕಂಪನಿ ಬಂದರೆ, ನಲ್ಲಿ ತಿರುಗಿಸುವ ಮೊದಲು ಆ ಕರಾರನ್ನು ಕನ್ನಡದಲ್ಲಿ ಓದಿ ಹೇಳಬೇಕೆಂಬ ಕಾನೂನು ಏಕಿಲ್ಲ? ನೌಬಾದಿನ ಕರೇಜಿನಲ್ಲಿ ಐದು ನೂರು ವರ್ಷದ ಹಿಂದೆ ನೆಲದಡಿಯಲ್ಲಿ ನೀರು ಹರಿಸಿದ ಊರು ಇದು. ನೀರಿನ ವಿಷಯದಲ್ಲಿ ನಾವು ಯಾರ ಮುಂದೆಯೂ ಮೂರ್ಖರಾಗಬೇಕಿಲ್ಲ.

ನನ್ನ ಬೇಡಿಕೆ ಮೂರೇ. ಜನರ ಬದುಕನ್ನು ಕಟ್ಟಿಹಾಕುವ ಯಾವ ಕರಾರೂ ಸಹಿಯಾಗುವ ಮೊದಲು ಕನ್ನಡದಲ್ಲಿ ಪ್ರಕಟವಾಗಬೇಕು. ಸರ್ಕಾರದ ಕೆಲಸ ಮಾಡುವ ಕಂಪನಿ ಆ ಕೆಲಸದ ಮಟ್ಟಿಗೆ ಮಾಹಿತಿ ಹಕ್ಕಿನ ಕೆಳಗೆ ಬರಬೇಕು. ಫಿರ್ಯಾದು ಹೇಳಲು ತಾಲ್ಲೂಕಿನಲ್ಲಿ ಹೆಸರು, ಮುಖ ಇರುವ ಒಬ್ಬ ಮನುಷ್ಯ ಕೂತಿರಬೇಕು, ಮತ್ತು ಅವನು ಲಿಖಿತ ಉತ್ತರ ಕೊಡಬೇಕು. ಇದಾಗಲು ವಿಧಾನಸೌಧ ಬೇಕು, ಸಮಯ ಬೇಕು.

ಇವತ್ತೇ ಮಾಡಬಹುದಾದ ಒಂದು ಕೆಲಸವನ್ನು ವಿದ್ಯಾರ್ಥಿಗಳಿಗೆ ಬಿಟ್ಟು ಕೂರುತ್ತೇನೆ. ನೀವು ಬಹುಪಾಲು ಒಕ್ಕಲು ಮನೆಯ ಮಕ್ಕಳು. ಮುಂದಿನ ಗ್ರಾಮಸಭೆಗೆ ಅಪ್ಪ, ಅವ್ವನ ಜೊತೆ ನೀವೂ ಹೋಗಿ. ಈ ಸಲ ನಮ್ಮ ಪಂಚಾಯಿತಿಯಲ್ಲಿ ಬೆಳೆ ಕಟಾವು ಪ್ರಯೋಗ ಯಾವ ಸರ್ವೆ ನಂಬರುಗಳಲ್ಲಿ, ಯಾವ ತಾರೀಖಿಗೆ, ಯಾರ ಎದುರಿಗೆ ಎಂದು ಎದ್ದು ನಿಂತು ಕೇಳಿ. ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ. ಬೆಳೆ ತೂಗುವ ದಿನ ಆ ಹೊಲದ ಬದುವಿನ ಮೇಲೆ ನೀವು ನಿಂತಿರಬೇಕು.